ಗೇರುಗುಡ್ಡದ ವಿಷಕ್ಕೆ ಕ್ಯಾಮೆರಾದ ಸಾಕ್ಷಿ

ಎಂಡೋಸಲ್ಫಾನ್ ಎಂಬ ಕೀಟನಾಶಕದ ಕುರಿತ ಸಾಕ್ಷ್ಯಚಿತ್ರಗಳ ನೆಲ ದಕ್ಷಿಣ ಕನ್ನಡಕ್ಕೆ ದೂರವಲ್ಲ. ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದಿಂದ ಸಾರಡ್ಕದ ಗಡಿ ದಾಟಿದರೆ ಕಾಸರಗೋಡಿನ ಪೆರ್ಲ, ಅಲ್ಲೇ ಹತ್ತಿರ ಪಡ್ರೆ. ಗೇರಿನ ಚಿಗುರು, ಹೂಗೊಂಚಲುಗಳ ರಸ ಹೀರಿ ಕರಟಿಸುವ ಟೀ ಸೊಳ್ಳೆಯನ್ನು ಕೊಲ್ಲಲು ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ ಈ ಗುಡ್ಡಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಈ ವಿಷ ಸುರಿಸಿತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಗಳಲ್ಲಿ ಅದೇ ಕೆಲಸ ಮಾಡಿದ್ದು ಕರ್ನಾಟಕ ಗೇರು ಅಭಿವೃದ್ಧಿ ನಿಗಮ.

ಗೇರು ಇರುವುದು ಗುಡ್ಡದ ಮೇಲೆ, ಮನೆಗಳು ಕೆಳಗೆ. ಪಡ್ರೆಯಲ್ಲಿ ಎಷ್ಟೋ ಮನೆಗಳ ಕುಡಿಯುವ ನೀರು ಗುಡ್ಡ ಕೊರೆದ ಸುರಂಗದಿಂದ ಬರುತ್ತದೆ. ಸಿಂಪಡಣೆಯ ದಿನ ಬಾವಿಗೆ ಮುಚ್ಚಳ ಹಾಕಬಹುದು. ಹರಿವ ನೀರಿಗೆ, ತೋಡಿಗೆ ಹಾಕುವುದು ಏನನ್ನು?

ಕ್ಯಾಮೆರಾ ಬರುವ ಮೊದಲೇ ಊರು ಲೆಕ್ಕ ಇಡತೊಡಗಿತ್ತು. ಸೊಟ್ಟ ಕಾಲಿನ ಕರುಗಳು ಹುಟ್ಟಿದ್ದನ್ನು ಕಂಡು 1979ರಲ್ಲೇ ಪ್ರಶ್ನೆ ಎತ್ತಿದವರು ಪತ್ರಕರ್ತ ಶ್ರೀಪಡ್ರೆ. ತನ್ನಲ್ಲಿಗೆ ಬರುವ ರೋಗಿಗಳ ಕಾಯಿಲೆಗಳಲ್ಲಿ ಏನೋ ಅಸಹಜವಿದೆ ಎಂದು ಬರೆದು ತಿಳಿಸಿದವರು ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನಕುಮಾರ್. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರಿನಲ್ಲೂ ಜನರ ರಕ್ತದಲ್ಲೂ ಎಂಡೋಸಲ್ಫಾನ್ ಇದೆಯೆಂದು ವರದಿ ಮಾಡಿತು. ಮುಂದಿನ ಸಾಕ್ಷ್ಯಚಿತ್ರಗಳೆಲ್ಲ ನಿಂತದ್ದು ಈ ತಳಪಾಯದ ಮೇಲೆ.

ಎಂ.ಎ. ರಹಮಾನ್ 'ಅರಜೀವಿತಂಙಳ್‌ಕ್ಕೊರು ಸ್ವರ್ಗಂ' (ಅರೆಬದುಕುಗಳಿಗೊಂದು ಸ್ವರ್ಗ) ಎಂದು ತಮ್ಮ ಚಿತ್ರವನ್ನು ಕರೆದರು. ಸ್ವರ್ಗ ಎಂಬುದು ಪಡ್ರೆಯದೇ ಒಂದು ಜಾಗದ ಹೆಸರು. ಕೆ.ಆರ್. ಮನೋಜ್ ಅವರ 'ಎ ಪೆಸ್ಟರಿಂಗ್ ಜರ್ನಿ' (2010) ಕಾಸರಗೋಡಿನ ಗೇರುತೋಪಿನ ಜೊತೆಗೆ ಪಂಜಾಬಿನ ಹತ್ತಿಹೊಲವನ್ನೂ, ಬಠಿಂಡಾದಿಂದ ಕ್ಯಾನ್ಸರ್ ರೋಗಿಗಳನ್ನು ಬಿಕಾನೇರಿಗೆ ಒಯ್ಯುವ ರೈಲನ್ನೂ ತೋರಿಸುತ್ತದೆ. ಇದೇ ಅದರ ದೊಡ್ಡ ಗುಣ: ಒಂದೂರಿನ ದುರದೃಷ್ಟ ಎಂದು ಕೈತೊಳೆದುಕೊಳ್ಳಲು ಅದು ಬಿಡುವುದಿಲ್ಲ.

ಕೆನಡಾದ 'ದಿ ಕಾರ್ಪೊರೇಷನ್' (2003) ಎಂಬ ಹೆಸರಾಂತ ಚಿತ್ರ ಒಂದು ಪ್ರಶ್ನೆ ಕೇಳಿತ್ತು: ಕಾನೂನು ಕಂಪನಿಯನ್ನು ವ್ಯಕ್ತಿ ಎಂದು ಒಪ್ಪುವುದಾದರೆ, ಆ ವ್ಯಕ್ತಿಯ ಸ್ವಭಾವ ಎಂಥದು? ಗೇರುಗುಡ್ಡದಲ್ಲಿ ಉತ್ತರ ಇನ್ನೂ ಜಟಿಲ. ಎಂಡೋಸಲ್ಫಾನನ್ನು 1950ರ ದಶಕದಲ್ಲಿ ರೂಪಿಸಿದ್ದು ಜರ್ಮನಿಯ ಹೆಕ್ಸ್ಟ್ ಕಂಪನಿ. ಮುಂದೆ ಭಾರತವೇ ಅದರ ಅತಿ ದೊಡ್ಡ ಉತ್ಪಾದಕನಾಯಿತು, ತಯಾರಕರಲ್ಲಿ ಸರ್ಕಾರಿ ಕಂಪನಿಯೂ ಇತ್ತು. ಸಿಂಪಡಿಸಿದ ಎರಡೂ ನಿಗಮಗಳು ಸರ್ಕಾರದವೇ. ದೂರು ಕೇಳಬೇಕಾದವರೇ ವಿಷ ಸುರಿದವರೂ ಆಗಿದ್ದರಿಂದ ಸಾಕ್ಷಿ ಸರ್ಕಾರದ ಹೊರಗಿನಿಂದಲೇ ಬರಬೇಕಾಯಿತು.

2011ರಲ್ಲಿ ಮೊದಲು ಕರ್ನಾಟಕ, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಈ ವಿಷವನ್ನು ತಡೆದವು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೋರ್ಟ್ ಕೇರಳಕ್ಕೆ ಆದೇಶಿಸಿತು. ಆ ಆದೇಶ ಗಡಿ ದಾಟಲಿಲ್ಲ. ಕೊಕ್ಕಡದ ಮನೆಗಳಿಗೆ ಸಿಕ್ಕಿದ್ದು ಮಾಸಾಶನ, ಮತ್ತು ಮಕ್ಕಳನ್ನು ಹಗಲುಹೊತ್ತು ನೋಡಿಕೊಳ್ಳುವ ಒಂದು ಪಾಲನಾ ಕೇಂದ್ರ.