ಮೂಲ ಕಥೆ ಬರುವ ಮುನ್ನ 13 ಕಂತುಗಳ ಕಾಲಯಾಪನೆ

ಪೌರಾಣಿಕ ನಾಟಕದಲ್ಲಿ ರಾಜಪಾತ್ರಧಾರಿಯ ಬಣ್ಣ, ಕಿರೀಟ ಸಿದ್ಧವಾಗುವುದು ತಡವಾದರೆ ಹಾಸ್ಯದ ದೃಶ್ಯ ತಾನಾಗಿಯೇ ಉದ್ದವಾಗುತ್ತದೆ. ತ್ಯಾಮಗೊಂಡ್ಲು ಸುತ್ತಲಿನ ಪ್ರೇಕ್ಷಕರಿಗೆ ಇದು ಹೊಸತೇನಲ್ಲ. ಜಪಾನಿನ ಅನಿಮೆ ಧಾರಾವಾಹಿಗಳಲ್ಲಿ ಇಂತಹುದಕ್ಕೆ ‘ಫಿಲ್ಲರ್’ ಎಂದು ಹೆಸರು.

ಮಾಯಾಶಕ್ತಿಯ ಬಾಲೆಯರ ಕಥೆಗಳಲ್ಲಿ ಹೆಸರಾದ ‘ಸೈಲರ್ ಮೂನ್’ ಇದಕ್ಕೆ ನಿದರ್ಶನ. ನವೋಕೊ ತಾಕೆವುಚಿ ಅವರ ಮೂಲ ಮಾಂಗಾ ಮಾಸಿಕವೊಂದರಲ್ಲಿ ಬರುತ್ತಿತ್ತು. ಅನಿಮೆಗೋ ವಾರಕ್ಕೊಂದು ಕಂತು ಬೇಕು. 1992ರಲ್ಲಿ ಆರಂಭವಾದ ಮೊದಲ ಸರಣಿ 46 ಕಂತುಗಳಿಗೆ ಮುಗಿದಾಗ ಮುಂದಿನ ಕಥೆ ಸಾಕಷ್ಟು ಸಿದ್ಧವಿರಲಿಲ್ಲ. ಹೀಗಾಗಿ 1993ರ ಎರಡನೇ ಸರಣಿಯ ಮೊದಲ 13 ಕಂತುಗಳಿಗೆಂದು, ಮನುಷ್ಯರ ಚೈತನ್ಯ ಕದ್ದು ‘ಮಕೈಜು’ ಎಂಬ ಮರವನ್ನು ಸಾಕುವ ಅನ್ಯಗ್ರಹದ ಜೋಡಿಯೊಂದರ ಕಥೆಯನ್ನು ಹೊಸೆಯಲಾಯಿತು.

ಮೊದಲ ಸರಣಿಯ ಕೊನೆಯಲ್ಲಿ ಸಖಿಯರೆಲ್ಲ ಪ್ರಾಣ ತೆತ್ತು, ಮರುಹುಟ್ಟು ಪಡೆದು, ಹಿಂದಿನದನ್ನು ಮರೆತಿದ್ದರು. ಆ ತ್ಯಾಗ ಇಲ್ಲಿ ಅಗ್ಗವಾಯಿತು. ಉಸಾಗಿಯ ನೆನಪು ಮೊದಲ ಕಂತಿನಲ್ಲೇ ಮರಳಿತು. ಪ್ರಿಯಕರ ಮಮೊರುವಿನದು 59ನೇ ಕಂತಿನವರೆಗೂ ಬರಲಿಲ್ಲ. ನಡುವೆ ವಾರಕ್ಕೊಂದು ರಾಕ್ಷಸ, ಒಂದು ಕಾಳಗ, ಅದೇ ಪ್ರೇಮದ ತೊಳಲಾಟ. ಮರವೇ ತನ್ನ ಒಂಟಿತನವನ್ನು ತೋಡಿಕೊಳ್ಳುವ ಕೊನೆಯ ಭಾಗ ಮಾತ್ರ ನಿಜಕ್ಕೂ ಹೃದ್ಯ, ಅಲ್ಲಿಯವರೆಗೆ ಕುಳಿತವರಿಗೆ!

60ನೇ ಕಂತಿನಲ್ಲಿ ಚಿಬಿಯುಸಾ ಬಂದಿಳಿದ ಮೇಲೆ ಮೂಲ ಕಥೆ ಮತ್ತೆ ಹಳಿಗೆ ಬಂತು. 2014ರಲ್ಲಿ ಆರಂಭವಾದ ‘ಸೈಲರ್ ಮೂನ್ ಕ್ರಿಸ್ಟಲ್’ ಮಾಂಗಾವನ್ನೇ ಅನುಸರಿಸಿತು. ಅದರಲ್ಲಿ ಮಕೈಜು ಮರಕ್ಕೆ ಜಾಗವಿರಲಿಲ್ಲ.