ಇಂಗ್ಲಿಷ್ ಪರೀಕ್ಷೆಯ ಪ್ಯಾಸೇಜ್: ಓದಿ ಉತ್ತರಿಸುವ ಅಭ್ಯಾಸ ಹೇಗೆ?



ವಿದ್ಯಾರ್ಥಿವೇತನದ ಅರ್ಜಿಯೊಂದಿಗೆ ಬರುವ ಅಂಕಪಟ್ಟಿಗಳನ್ನು ನೋಡುವಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಅಕೌಂಟೆನ್ಸಿಯಲ್ಲೋ ಜೀವಶಾಸ್ತ್ರದಲ್ಲೋ ಒಳ್ಳೆಯ ಅಂಕ ಪಡೆದ ಮಕ್ಕಳು ಇಂಗ್ಲಿಷ್‌ನಲ್ಲಿ ಮಾತ್ರ ಪಾಸಿನ ಗೆರೆಯ ಹತ್ತಿರ ನಿಂತಿರುತ್ತಾರೆ. ಅದರ ಬೆಲೆ ಮುಂದಿನ ವರ್ಷಗಳಲ್ಲಿ ತಿಳಿಯುತ್ತದೆ. ಪದವಿ ತರಗತಿಯ ಪುಸ್ತಕ ಓದುವುದು ಕಷ್ಟವಾಗುತ್ತದೆ, ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಲು ಧೈರ್ಯ ಬರುವುದಿಲ್ಲ, ಕೆಲವರು ಓದನ್ನೇ ಬಿಡುತ್ತಾರೆ. ಆದ್ದರಿಂದ ಈ ಸಲದ ವರದಿಯಲ್ಲಿ ವಿದ್ಯಾರ್ಥಿವೇತನದ ಪ್ರಕಟಣೆಯ ಜೊತೆಗೆ ಇಂಗ್ಲಿಷ್ ಪತ್ರಿಕೆಯ ಒಂದೇ ಒಂದು ಭಾಗದ ಬಗ್ಗೆ ವಿವರವಾಗಿ ಬರೆಯುತ್ತಿದ್ದೇವೆ. ಅದು ಗದ್ಯಭಾಗ ಓದಿ ಉತ್ತರಿಸುವ ಭಾಗ. ಮಕ್ಕಳ ಮಾತಿನಲ್ಲಿ ಹೇಳುವುದಾದರೆ 'ಪ್ಯಾಸೇಜ್'.

ಈ ಭಾಗವನ್ನೇ ಆರಿಸಿಕೊಳ್ಳಲು ಕಾರಣವಿದೆ. ಪಾಠ, ಪದ್ಯ, ವ್ಯಾಕರಣ ಎಲ್ಲಕ್ಕೂ ಮೊದಲೇ ಕಲಿತದ್ದನ್ನು ನೆನಪಿಟ್ಟುಕೊಂಡು ಹೋಗಬೇಕು. ಪ್ಯಾಸೇಜ್‌ಗೆ ಹಾಗಲ್ಲ. ಉತ್ತರ ಪ್ರಶ್ನೆಪತ್ರಿಕೆಯಲ್ಲೇ ಅಚ್ಚಾಗಿರುತ್ತದೆ, ಅದನ್ನು ಹುಡುಕಿ ತೆಗೆಯಬೇಕು ಅಷ್ಟೆ. ದೊಡ್ಡ ಟ್ಯೂಷನ್ ಇಲ್ಲದ, ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಇಲ್ಲದ ಮಗುವಿಗೂ ಇಲ್ಲಿ ಪೂರ್ಣ ಅಂಕ ಪಡೆಯುವ ಅವಕಾಶ ಸಮಾನವಾಗಿದೆ. ಆದರೂ ಗೈಡ್ ಬಾಯಿಪಾಠ ಮಾಡುವ ಅಭ್ಯಾಸದವರು 'ಇದಕ್ಕೆ ಓದುವುದು ಏನಿದೆ' ಎಂದು ಇದನ್ನು ಪರೀಕ್ಷೆಯ ದಿನದವರೆಗೂ ಮುಟ್ಟುವುದೇ ಇಲ್ಲ.

ಪ್ಯಾಸೇಜ್ ಬರುವ ಪರೀಕ್ಷೆಗಳು ಒಂದೆರಡಲ್ಲ. ದ್ವಿತೀಯ ಪಿಯುಸಿ ಇಂಗ್ಲಿಷ್‌ನಲ್ಲಿ ಈಗ ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ. ಆ 80ರಲ್ಲಿ ಪ್ಯಾಸೇಜ್‌ನ ಚಿಕ್ಕ ಪ್ರಶ್ನೆಗಳೂ ಸೇರಿವೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಲ್ಲಿ ಆರಂಭವಾದ ಸಿಯುಇಟಿ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಪ್ಯಾಸೇಜ್‌ಗೆ ದೊಡ್ಡ ಪಾಲಿದೆ. ಕಲಬುರಗಿ ಬಳಿಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ, ಜಾಮಿಯಾ ಮಿಲ್ಲಿಯಾ ಮತ್ತು ಅಲೀಗಢದ ಕೆಲವು ಕೋರ್ಸುಗಳಿಗೂ ಇದೇ ದಾರಿ. ಈ ಪರೀಕ್ಷೆಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಉರ್ದುವೂ ಇದೆ ಎಂಬುದು ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ನರ್ಸಿಂಗ್ ಮುಗಿಸಿ ಬ್ರಿಟನ್ನಿನಲ್ಲಿ ನೋಂದಣಿಗೆ ಪ್ರಯತ್ನಿಸುವವರು ಐಇಎಲ್‌ಟಿಎಸ್ ಬರೆಯುವುದಾದರೆ ಓದುವ ಭಾಗದಲ್ಲಿ 7 ಬ್ಯಾಂಡ್ ಬೇಕು. ಅಲ್ಲಿ ಒಂದು ಗಂಟೆಯಲ್ಲಿ ಮೂರು ಉದ್ದದ ಪ್ಯಾಸೇಜ್, 40 ಪ್ರಶ್ನೆ. ಪರೀಕ್ಷೆಗಳು ಬೇರೆಬೇರೆಯಾದರೂ ಬೇಕಾದ ಅಭ್ಯಾಸ ಒಂದೇ.

ಮೊದಲು ತಿಳಿಯಬೇಕಾದದ್ದು: ಓದಲು ಬರುವುದು ಬೇರೆ, ಓದಿದ್ದು ತಿಳಿಯುವುದು ಬೇರೆ. ಮದ್ರಸಕ್ಕೆ ಹೋದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರಬ್ಬಿ ಅಕ್ಷರಗಳನ್ನು ಸ್ಪಷ್ಟ ಉಚ್ಚಾರದಲ್ಲಿ ಓದಲು ಕಲಿತ ಮೇಲೂ ಅರ್ಥ ತಿಳಿಯಲು ತರ್ಜುಮಾ ಬೇಕು, ತಫ್ಸೀರ್ ಬೇಕು. ಇಂಗ್ಲಿಷ್ ಪ್ಯಾಸೇಜನ್ನು ತಡವರಿಸದೆ ಗಟ್ಟಿಯಾಗಿ ಓದುವ ಮಗು ಅದನ್ನು ಅರ್ಥ ಮಾಡಿಕೊಂಡಿದೆ ಎಂದು ಪೋಷಕರು ನಂಬಬಾರದು.

ಒಂದು ಉದಾಹರಣೆ ನೋಡೋಣ. ನಮ್ಮೂರಿನವರಿಗೆಲ್ಲ ಗೊತ್ತಿರುವ ವಿಷಯವನ್ನೇ ಬೇಕೆಂದು ಆರಿಸಿದ್ದೇವೆ. ಇಂಥದೊಂದು ಇಂಗ್ಲಿಷ್ ಪ್ಯಾಸೇಜ್ ಬಂದಿದೆ ಎಂದುಕೊಳ್ಳಿ. ಅದರ ಕನ್ನಡ ಅರ್ಥ ಹೀಗಿದೆ:

'ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ಕಡೆಗೆ ಹೋಗುವ ಹೆದ್ದಾರಿ ಈ ಕಾಡಿನ ನಡುವೆ ಹಾದುಹೋಗುತ್ತದೆ. ರಾತ್ರಿ ವೇಳೆ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧಿಸಲಾಯಿತು. ಆದರೂ ಆಂಬುಲೆನ್ಸ್‌ಗಳಿಗೂ ಕೆಲವೇ ಬಸ್ಸುಗಳಿಗೂ ಅವಕಾಶವಿದೆ. ವ್ಯಾಪಾರಿಗಳು ಇದನ್ನು ವಿರೋಧಿಸಿದರು, ವನ್ಯಜೀವಿ ಪ್ರಿಯರು ಬೆಂಬಲಿಸಿದರು. 2010ರಲ್ಲಿ ಹೈಕೋರ್ಟ್ ಎರಡನೆಯವರ ವಾದವನ್ನು ಒಪ್ಪಿತು.'

'ಸಂಚಾರ ನಿಷೇಧ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ?' ಎಂದು ಕೇಳಿದರೆ ಎಲ್ಲರೂ ಬರೆಯುತ್ತಾರೆ. ಅದು ನೇರ ಪ್ರಶ್ನೆ. ಈಗ ಎರಡನೆಯದು: 'ರಾತ್ರಿ ಯಾವ ವಾಹನವೂ ಹೋಗುವಂತಿಲ್ಲ. ಸರಿಯೇ, ತಪ್ಪೇ?' ಇದು ತಪ್ಪು. 'ಆದರೂ' ಎಂಬ ಒಂದು ಪದವನ್ನು ದಾಟಿಕೊಂಡು ಓದಿದವರು ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ.

ಮೂರನೆಯದು ನಿಜವಾದ ಬಲೆ: 'ನಿಷೇಧದ ನಂತರ ಪ್ರಾಣಿಗಳ ಸಾವು ಕಡಿಮೆಯಾಯಿತು.' ಸರಿ, ತಪ್ಪು, ಹೇಳಿಲ್ಲ ಎಂಬ ಮೂರು ಆಯ್ಕೆಗಳಿವೆ. ಗುಂಡ್ಲುಪೇಟೆಯ ಹುಡುಗ ಒಂದು ಕ್ಷಣವೂ ಯೋಚಿಸದೆ 'ಸರಿ' ಎನ್ನುತ್ತಾನೆ. ರಸ್ತೆ ಮುಚ್ಚಿದರೆ ಸಾವು ಕಡಿಮೆಯಾಗದೆ ಇರುತ್ತದೆಯೇ? ಆದರೆ ಮೇಲಿನ ಆರು ವಾಕ್ಯಗಳಲ್ಲಿ ಅದನ್ನು ಎಲ್ಲಿ ಬರೆದಿದೆ? ಎಲ್ಲೂ ಇಲ್ಲ. ಆದ್ದರಿಂದ 'ಹೇಳಿಲ್ಲ' ಎಂಬುದೇ ಸರಿಯುತ್ತರ. ಐಇಎಲ್‌ಟಿಎಸ್‌ನಲ್ಲಿ ಈ ರೀತಿಯ ಪ್ರಶ್ನೆಗಳು ಪ್ರಸಿದ್ಧ. ಉಳಿದ ಪರೀಕ್ಷೆಗಳಲ್ಲಿ ಇದೇ ಬಲೆ ನಾಲ್ಕು ಆಯ್ಕೆಗಳ ನಡುವೆ ಅಡಗಿರುತ್ತದೆ. ವಿಷಯ ನಮಗೆ ಚೆನ್ನಾಗಿ ಗೊತ್ತಿದ್ದಷ್ಟೂ ಅಪಾಯ ಹೆಚ್ಚು. ಪರೀಕ್ಷಕರು ಕೇಳುತ್ತಿರುವುದು ನಿಮಗೆ ಗೊತ್ತಿರುವುದನ್ನಲ್ಲ, ಆ ಕಾಗದದಲ್ಲಿ ಇರುವುದನ್ನು.

ನಾಲ್ಕನೆಯದು: 'ಎರಡನೆಯವರು' ಎಂದರೆ ಯಾರು? ಇಂಗ್ಲಿಷ್‌ನಲ್ಲಿ 'ದ ಲ್ಯಾಟರ್' ಎಂದಿರುತ್ತದೆ. ಹಿಂದಿನ ವಾಕ್ಯಕ್ಕೆ ಮರಳಿದರೆ ಮೊದಲು ವ್ಯಾಪಾರಿಗಳು, ನಂತರ ವನ್ಯಜೀವಿ ಪ್ರಿಯರು. ಉತ್ತರ ಸಿಕ್ಕಿತು. ಇಟ್, ದೇ, ದಿಸ್, ದೋಸ್ ಇಂಥ ಪದಗಳು ಯಾರನ್ನು, ಯಾವುದನ್ನು ಸೂಚಿಸುತ್ತವೆ ಎಂಬ ಪ್ರಶ್ನೆ ಪಿಯುಸಿ ಪತ್ರಿಕೆಗಳಲ್ಲಿ ಸಾಮಾನ್ಯ. ಕೊನೆಯದಾಗಿ ಶೀರ್ಷಿಕೆ ಕೊಡಲು ಹೇಳಿದರೆ 'ಬಂಡೀಪುರದ ಹುಲಿಗಳು' ಎಂಬ ಆಯ್ಕೆ ಇದ್ದೇ ಇರುತ್ತದೆ. ಮೊದಲ ವಾಕ್ಯ ಮಾತ್ರ ಓದಿದವರು ಅದಕ್ಕೆ ಟಿಕ್ ಹಾಕುತ್ತಾರೆ. ಆದರೆ ಉಳಿದ ವಾಕ್ಯಗಳೆಲ್ಲ ರಸ್ತೆಯದ್ದು ಮತ್ತು ರಾತ್ರಿ ನಿಷೇಧದ್ದು.

ಈ ಉದಾಹರಣೆಯಿಂದ ಹೊರಡುವ ಅಭ್ಯಾಸ ಬಹಳ ಸರಳ. ಪ್ರತಿ ಉತ್ತರದ ಪಕ್ಕದಲ್ಲಿ ಅದು ಎಷ್ಟನೆಯ ಸಾಲಿನಲ್ಲಿ ಸಿಕ್ಕಿತು ಎಂದು ಬರೆಯಿರಿ. ಸಾಲಿನ ಸಂಖ್ಯೆ ಬರೆಯಲು ಆಗದಿದ್ದರೆ ಆ ಉತ್ತರ ನಿಮ್ಮ ತಲೆಯಿಂದ ಬಂದದ್ದು, ಪ್ಯಾಸೇಜ್‌ನಿಂದ ಬಂದದ್ದಲ್ಲ. ಮನೆಯಲ್ಲಿ ಅಭ್ಯಾಸ ಮಾಡುವಾಗ ಇದನ್ನು ತಪ್ಪದೆ ಮಾಡಿದರೆ ಪರೀಕ್ಷೆಯ ಹಾಲ್‌ನಲ್ಲಿ ಕಣ್ಣು ತಾನಾಗಿ ಆ ಸಾಲಿಗೆ ಹೋಗುತ್ತದೆ.

ಇನ್ನು ಭಾಷೆಯ ತೊಡಕು. ನಮ್ಮ ಮನೆಗಳಲ್ಲಿ ಉರ್ದು, ಬೀದಿಯಲ್ಲಿ ಕನ್ನಡ. ಎರಡರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷ್‌ನಲ್ಲಿ ಕರ್ತೃವಿನ ಹಿಂದೆಯೇ ಬರುತ್ತದೆ. ಕನ್ನಡದಲ್ಲಿ 'ಲಾರಿಗೆ ಸಿಕ್ಕಿ ಸತ್ತ ಜಿಂಕೆ' ಎಂದು ವಿವರಣೆ ಮೊದಲು, ಜಿಂಕೆ ನಂತರ. ಇಂಗ್ಲಿಷ್‌ನಲ್ಲಿ 'ದ ಡಿಯರ್ ಕಿಲ್ಡ್ ಬೈ ದ ಲಾರಿ' ಎಂದು ಜಿಂಕೆ ಮೊದಲು, ವಿವರಣೆ ನಂತರ. ಪದ ಪದ ಜೋಡಿಸಿಕೊಂಡು ಓದುವವರಿಗೆ ಇದು 'ಜಿಂಕೆ ಕೊಂದಿತು' ಎಂದು ಕಾಣುತ್ತದೆ. ಅರ್ಥವೇ ತಿರುಗುಮುರುಗು! ಉದ್ದದ ವಾಕ್ಯ ಬಂದಾಗ ಮೊದಲು 'ಯಾರು, ಏನು ಮಾಡಿದರು' ಎಂಬ ಎರಡನ್ನು ಮಾತ್ರ ಹುಡುಕಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಉಳಿದದ್ದು ವಿವರಣೆ, ಅದನ್ನು ಆಮೇಲೆ ನೋಡಿದರಾಯಿತು.

ಉರ್ದು ಬಲ್ಲವರಿಗೆ ಒಂದು ಅನುಕೂಲವೂ ಇದೆ. ವಾಕ್ಯದ ದಿಕ್ಕು ಬದಲಿಸುವ ಪದಗಳು ಇಂಗ್ಲಿಷ್‌ನಲ್ಲಿ ಬಹಳ ಇಲ್ಲ. ಹೌಎವರ್ ಎಂದರೆ ನಮ್ಮ 'ಮಗರ್', ಆಲ್‌ದೋ ಎಂದರೆ 'ಹಾಲಾಂಕೆ', ದೇರ್‌ಫೋರ್ ಎಂದರೆ 'ಇಸ್ ವಾಸ್ತೆ', ಅನ್‌ಲೆಸ್ ಎಂದರೆ 'ಜಬ್ ತಕ್ ನಹೀಂ'. ಬಿಕಾಸ್‌ಗೆ ನಮ್ಮ ದಖ್ಖನಿ ಮಾತಿನ 'ಕಾಯ್ಕು ಬೋಲೇ ತೋ' ಇದ್ದೇ ಇದೆ. ಅದನ್ನು ಕೇಳಿ ಮೈಸೂರಿನ ಕಾಲೇಜಿನಲ್ಲಿ ಯಾರಾದರೂ ನಕ್ಕರೆ ನಗಲಿ. ಇಂಥ ಇಪ್ಪತ್ತು ಪದಗಳನ್ನು ಮನೆಮಾತಿಗೆ ಹೊಂದಿಸಿಕೊಂಡು ಕಲಿತರೆ ಕಷ್ಟದ ಇನ್ನೂರು ಪದಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಹೆಚ್ಚು ಉಪಯೋಗ.

ಗೊತ್ತಿಲ್ಲದ ಪದ ಬಂದ ಕೂಡಲೇ ನಿಲ್ಲಬೇಡಿ, ಮೊಬೈಲ್ ತೆಗೆಯಬೇಡಿ. ಪ್ಯಾಸೇಜ್ ಪೂರ್ತಿ ಎರಡು ಸಲ ಓದಿ, ಪದದ ಅಕ್ಕಪಕ್ಕದ ಮಾತಿನಿಂದ ಅರ್ಥ ಊಹಿಸಿ ಬರೆದಿಟ್ಟುಕೊಂಡು, ನಂತರವೇ ನಿಘಂಟು ನೋಡಿ. ಪರೀಕ್ಷೆಯಲ್ಲಿ ನಿಘಂಟು ಇರುವುದಿಲ್ಲ. ಊಹಿಸುವುದನ್ನೂ ಕಲಿಯಬೇಕು.

ಪ್ರಶ್ನೆಗಳನ್ನು ಮೊದಲು ಓದಬೇಕೋ, ಪ್ಯಾಸೇಜನ್ನೋ? ಕೋಚಿಂಗ್‌ನವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ, ಅಂಕಿ-ಅಂಶ, ವರ್ಷ, ಹೆಸರು ತುಂಬಿದ ಪ್ಯಾಸೇಜ್ ಆದರೆ ಪ್ರಶ್ನೆಗಳ ಮೇಲೆ ಒಮ್ಮೆ ಕಣ್ಣಾಡಿಸಿ ಓದಲು ತೊಡಗುವುದು ಲಾಭ. ಕಥೆಯೋ ಸಾಹಿತ್ಯದ ಭಾಗವೋ ಆದರೆ ಮೊದಲು ಪ್ಯಾಸೇಜನ್ನೇ ಪೂರ್ತಿ ಓದಬೇಕು, ಇಲ್ಲದಿದ್ದರೆ ಯಾರ ಮನಸ್ಸಿನಲ್ಲಿ ಏನಿದೆ ಎಂಬುದು ಹಿಡಿತಕ್ಕೆ ಸಿಗುವುದಿಲ್ಲ. ಸಿಯುಇಟಿಯಲ್ಲಿ ಮಾಹಿತಿ, ನಿರೂಪಣೆ, ಸಾಹಿತ್ಯ ಎಂಬ ಮೂರೂ ಬಗೆಯವು ಬರುತ್ತವೆ.

ಸಮಯದ ಲೆಕ್ಕವನ್ನೂ ತಿಳಿದಿರಬೇಕು. 2025ರ ಸಿಯುಇಟಿಯಲ್ಲಿ ಒಂದು ವಿಷಯಕ್ಕೆ 60 ನಿಮಿಷ, 50 ಪ್ರಶ್ನೆ, ಎಲ್ಲವೂ ಕಡ್ಡಾಯ. ಒಂದು ಪ್ರಶ್ನೆಗೆ 72 ಸೆಕೆಂಡು, ಅದರಲ್ಲೇ ಓದುವ ಹೊತ್ತೂ ಸೇರಿದೆ. ಸರಿಯುತ್ತರಕ್ಕೆ 5 ಅಂಕ, ತಪ್ಪಿಗೆ 1 ಅಂಕ ಕಡಿತ. ಈ ಕಡಿತಕ್ಕೆ ಹೆದರಿ ಸಂದೇಹವಿರುವುದನ್ನೆಲ್ಲ ಖಾಲಿ ಬಿಟ್ಟು ಬರುವವರಿದ್ದಾರೆ. ಲೆಕ್ಕ ಹಾಕಿ ನೋಡಿ: ನಾಲ್ಕು ಆಯ್ಕೆಗಳಲ್ಲಿ ಎರಡು ಖಂಡಿತ ತಪ್ಪೆಂದು ತಿಳಿದು, ಉಳಿದ ಎರಡರಲ್ಲಿ ಒಂದನ್ನು ಆರಿಸಿದರೆ, ಇಂಥ ಎರಡು ಪ್ರಶ್ನೆಗಳಲ್ಲಿ ಸರಾಸರಿ ಒಂದು ಸರಿ, ಒಂದು ತಪ್ಪು. 5 ಬಂತು, 1 ಹೋಯಿತು, 4 ಉಳಿಯಿತು. ಪಿಯುಸಿಯಲ್ಲೂ ಐಇಎಲ್‌ಟಿಎಸ್‌ನಲ್ಲೂ ತಪ್ಪಿಗೆ ಕಡಿತವೇ ಇಲ್ಲ, ಅಲ್ಲಿ ಖಾಲಿ ಬಿಡುವ ಮಾತೇ ಬೇಡ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನು ನೋಡಿಕೊಂಡೇ ಅರ್ಜಿ ಹಾಕಿ.

ಓದಲು ಸಾಮಗ್ರಿ ಎಲ್ಲಿಂದ? ದುಡ್ಡು ಕೊಟ್ಟು ಕೊಳ್ಳುವ ಅಗತ್ಯವಿಲ್ಲ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳು, ಎನ್‌ಸಿಇಆರ್‌ಟಿ ಪಠ್ಯಪುಸ್ತಕಗಳು ಉಚಿತವಾಗಿ ಸಿಗುತ್ತವೆ. ದಿನನಿತ್ಯದ ಓದಿಗೆ ನಾವು ಸೂಚಿಸುವುದು ಮೈಸೂರಿನ ಎರಡು ಪತ್ರಿಕೆಗಳು. 'ಮೈಸೂರು ಮಿತ್ರ' ಕನ್ನಡದ್ದು, 'ಸ್ಟಾರ್ ಆಫ್ ಮೈಸೂರ್' ಇಂಗ್ಲಿಷ್‌ನದು, ಎರಡೂ ಒಂದೇ ಬಳಗದವು. ಬಂಡೀಪುರದ ಆನೆಯದೋ, ಓಣಂ ಹೊತ್ತಿನ ಗುಂಡ್ಲುಪೇಟೆಯ ಚೆಂಡುಹೂವಿನದೋ ಸುದ್ದಿಯನ್ನು ಮೊದಲು ಕನ್ನಡದಲ್ಲಿ ಓದಿ, ಅದೇ ವಿಷಯವನ್ನು ಇಂಗ್ಲಿಷ್‌ನಲ್ಲಿ ಓದಿ. ಏನಾಯಿತು ಎಂದು ಮೊದಲೇ ತಿಳಿದಿರುವುದರಿಂದ ಗಮನವೆಲ್ಲ ಇಂಗ್ಲಿಷ್ ಅದನ್ನು ಹೇಗೆ ಹೇಳುತ್ತದೆ ಎಂಬುದರ ಮೇಲೆ ನಿಲ್ಲುತ್ತದೆ. ಒಂದು ತಿಂಗಳು ಕಳೆದ ಮೇಲೆ ಕ್ರಮವನ್ನು ಬದಲಿಸಿ, ಇಂಗ್ಲಿಷ್ ಮೊದಲು, ಕನ್ನಡ ನಂತರ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಭಾನುವಾರ ಮೂರು ಗಂಟೆ ಕುಳಿತು ವಾರವಿಡೀ ಬಿಡುವುದರಿಂದ ಪ್ರಯೋಜನ ಕಡಿಮೆ.

ತಪ್ಪಿದ ಉತ್ತರಗಳಿಗೊಂದು ನೋಟ್‌ಬುಕ್ ಇಡಿ. ಪದ ಗೊತ್ತಿಲ್ಲದೆ ತಪ್ಪಿತೋ, ವಾಕ್ಯ ತಿರುಗಿಸಿ ಓದಿ ತಪ್ಪಿತೋ, ಇಲ್ಲದ ಮಾತನ್ನು ನಾವೇ ಸೇರಿಸಿ ತಪ್ಪಿತೋ ಎಂದು ಪಕ್ಕದಲ್ಲಿ ಬರೆಯಿರಿ. ಹತ್ತು ಪ್ಯಾಸೇಜ್ ಆಗುವಷ್ಟರಲ್ಲಿ ನಿಮ್ಮ ದೌರ್ಬಲ್ಯ ಯಾವುದೆಂದು ನಿಮಗೇ ಕಾಣುತ್ತದೆ.

ಪೋಷಕರಿಗೆ ಒಂದು ಮಾತು. ಇಂಗ್ಲಿಷ್ ಬಾರದ ಅಮ್ಮಿ-ಅಬ್ಬಾ ಕೂಡ ಇದರಲ್ಲಿ ನೆರವಾಗಬಹುದು. ರಾತ್ರಿ ಊಟದ ನಂತರ 'ಇವತ್ತು ಓದಿದ್ದು ಏನು, ಉರ್ದುವಿನಲ್ಲಿ ಹೇಳು' ಎಂದು ಕೇಳಿ. ಹೇಳಲು ಬಂದರೆ ಅರ್ಥವಾಗಿದೆ ಎಂದು ತಿಳಿಯಿರಿ. ಮಗು ಉತ್ತರ ಹೇಳಿದಾಗ 'ಎಲ್ಲಿ ಬರೆದಿದೆ, ತೋರಿಸು' ಎನ್ನಿ. ಮನೆಗೆಲಸದ ನಡುವೆ ಓದುವ ಹೆಣ್ಣುಮಕ್ಕಳಿಗೆ ಯಾರೂ ಕರೆಯದ ಇಪ್ಪತ್ತು ನಿಮಿಷ ಬಿಡುವು ಮಾಡಿಕೊಡಿ. ಅದಕ್ಕೆ ಖರ್ಚೇನೂ ಇಲ್ಲ, ಆದರೆ ಎಷ್ಟೋ ಮನೆಗಳಲ್ಲಿ ಸಿಗದೆ ಇರುವುದು ಅದೇ.

ಪಿಯುಸಿಯಲ್ಲಿ ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶವಿದೆ. ಇಂಗ್ಲಿಷ್‌ನಲ್ಲಿ ಮೊದಲ ಸಲ ಉಳಿದವರು ವಿದ್ಯಾರ್ಥಿವೇತನದ ಅರ್ಜಿಯನ್ನು ಹಿಂದಕ್ಕೆ ಪಡೆಯಬೇಕಾಗಿಲ್ಲ. ಮುಂದಿನ ಪರೀಕ್ಷೆಯ ಅಂಕಪಟ್ಟಿ ಬಂದ ಕೂಡಲೇ ಅದರ ಪ್ರತಿಯನ್ನು ಟ್ರಸ್ಟ್ ಕಚೇರಿಗೆ ತಲುಪಿಸಿದರೆ ಹಳೆಯ ಅರ್ಜಿಯ ಜೊತೆಗೇ ಸೇರಿಸಿಕೊಳ್ಳಲಾಗುವುದು. ಅಭ್ಯಾಸಕ್ಕೆ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಬೇಕಾದವರು ಅರ್ಜಿ ಕೊಡಲು ಬಂದಾಗಲೇ ಕೇಳಿ ಪಡೆಯಬಹುದು.