ಸಾವನದುರ್ಗದ ಶರತ್ಕಾಲದ ಚಾರಣ

ಸಾವನದುರ್ಗವು ಬೆಂಗಳೂರಿನ ಪಶ್ಚಿಮಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿ, ಮಾಗಡಿ ತಾಲ್ಲೂಕಿನಲ್ಲಿರುವ ಒಂದು ಏಕಶಿಲಾ ಬೆಟ್ಟ. ಸಮುದ್ರಮಟ್ಟದಿಂದ ಇದರ ಎತ್ತರ 1,226 ಮೀಟರ್. ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಇದೂ ಒಂದೆಂದು ಪರಿಗಣಿಸಲಾಗಿದೆ. ಬೆಳಗ್ಗೆ ಹೊರಟು ಶಿಖರವನ್ನು ತಲುಪಿ ಅದೇ ದಿನ ಹಿಂದಿರುಗಬಹುದಾದುದರಿಂದ ಇದು ಒಂದು ದಿನದ ಚಾರಣಕ್ಕೆ ಹೆಸರಾಗಿದೆ. ಶಿಖರದವರೆಗೆ ಮೆಟ್ಟಿಲುಗಳಿಲ್ಲ, ಹಾದಿಯ ಹೆಚ್ಚಿನ ಭಾಗ ಬರಿಯ ಬಂಡೆಯ ಮೇಲೆಯೇ ಸಾಗುತ್ತದೆ. ಆದಕಾರಣ ಇಲ್ಲಿನ ಚಾರಣದ ಸುಲಭ ಕಷ್ಟಗಳು ಬಂಡೆ ಒಣಗಿದೆಯೋ ನೆನೆದಿದೆಯೋ ಎಂಬುದನ್ನು ಅವಲಂಬಿಸಿವೆ. ಆಶ್ವಯುಜ ಮತ್ತು ಕಾರ್ತಿಕ ಮಾಸಗಳನ್ನೊಳಗೊಂಡ ಶರದೃತು ಹಿತವಾದ ಕಾಲವಾದರೂ ಎಚ್ಚರಿಕೆಯನ್ನು ಬೇಡುವ ಕಾಲವೂ ಹೌದು.

ಹೆಸರು ಮತ್ತು ಇತಿಹಾಸ

ಹೊಯ್ಸಳ ದೊರೆ ಮೂರನೆಯ ಬಲ್ಲಾಳನ ಕಾಲದ, ಕ್ರಿ.ಶ. 1340ರ ಮಾಡಬಾಳು ಶಾಸನದಲ್ಲಿ ಈ ಸ್ಥಳವನ್ನು 'ಸಾವಂದಿ' ಎಂದು ಕರೆಯಲಾಗಿದೆ. 'ಸಾಮಂತದುರ್ಗ' ಎಂಬ ಪದದಿಂದ ಈಗಿನ ಹೆಸರು ಬಂದಿತೆಂಬ ಅಭಿಪ್ರಾಯವೂ ಇದೆ. ಮಾಗಡಿಯ ಕೆಂಪೇಗೌಡ ವಂಶದವರ ಅಧೀನದಲ್ಲಿದ್ದ ಈ ಕೋಟೆ 1728ರಲ್ಲಿ ಮೈಸೂರು ಸಂಸ್ಥಾನದ ವಶವಾಯಿತು. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರ್ 21ರಂದು, ಲಾರ್ಡ್ ಕಾರ್ನ್‌ವಾಲಿಸನ ಸೇನೆ ಇದನ್ನು ಟಿಪ್ಪು ಸುಲ್ತಾನನ ಪಡೆಯಿಂದ ಗೆದ್ದುಕೊಂಡಿತು. ಚಿತ್ರಕಾರ ರಾಬರ್ಟ್ ಹೋಮ್ 1794ರಲ್ಲಿ ಪ್ರಕಟಿಸಿದ ಮೈಸೂರು ಸೀಮೆಯ ಚಿತ್ರಸಂಪುಟದಲ್ಲಿ ಈ ಬೆಟ್ಟದ ದೃಶ್ಯಗಳಿವೆ. ಕಡಿದಾದ ಬಂಡೆ ಮತ್ತು ಸುತ್ತಲಿನ ದಟ್ಟ ಕಾಡು ಕೋಟೆಗೆ ಸಹಜ ರಕ್ಷಣೆಯಾಗಿದ್ದವು. ಅಂದು ಶತ್ರುವನ್ನು ತಡೆದ ಆ ಕಡಿದಾದ ಬಂಡೆಯೇ ಇಂದು ಚಾರಣಿಗನನ್ನು ಪರೀಕ್ಷಿಸುತ್ತದೆ.

ಬಂಡೆಯ ರಚನೆ

ಬೆಟ್ಟವು ಕರಿಗುಡ್ಡ ಮತ್ತು ಬಿಳಿಗುಡ್ಡ ಎಂಬ ಎರಡು ಭಾಗಗಳಿಂದ ಕೂಡಿದೆ. ಎರಡೂ ಕ್ಲೋಸ್‌ಪೇಟೆ ಗ್ರಾನೈಟ್ ಎಂಬ ಶಿಲಾಪಟ್ಟಿಗೆ ಸೇರಿವೆ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದ ಈ ಶಿಲೆಗೆ ಹೆಸರು ಬಂದಿದೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷಗಳು. ಭೂಮಿಯ ಆಳದಲ್ಲಿ ಘನೀಭವಿಸಿದ ಈ ಶಿಲೆಯ ಮೇಲಿದ್ದ ಭಾರವು ಸವೆತದಿಂದ ಕಡಿಮೆಯಾದಾಗ ಅದು ಹಿಗ್ಗಿ, ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿರಿಯುತ್ತದೆ. ಇಲ್ಲಿನ ದುಂಡನೆಯ, ನುಣುಪಾದ ಇಳಿಜಾರುಗಳು ಹೀಗೆ ಉಂಟಾದವು. ಶಿಲೆಯಲ್ಲಿರುವ ದೊಡ್ಡ ಫೆಲ್ಡ್‌ಸ್ಪಾರ್ ಹರಳುಗಳಿಂದ ಬಂಡೆಯ ಮೈ ಒರಟಾಗಿದ್ದು, ಒಣಗಿದಾಗ ಪಾದರಕ್ಷೆಗೆ ಒಳ್ಳೆಯ ಹಿಡಿತ ಸಿಗುತ್ತದೆ.

ಮಳೆನೀರು ಹರಿಯುವ ಜಾಡುಗಳಲ್ಲಿ ನೀಲಿ-ಹಸಿರು ಪಾಚಿ ಎಂದು ಕರೆಯಲಾಗುವ ಸೂಕ್ಷ್ಮಜೀವಿಗಳು ತೆಳುವಾದ ಪೊರೆಯಾಗಿ ಬೆಳೆಯುತ್ತವೆ. ದೂರದಿಂದ ಕಾಣುವ ಕಪ್ಪು ಗೆರೆಗಳು ಇವೇ. ಒಣಗಿದಾಗ ಇವು ನಿರಪಾಯವೆನಿಸಿದರೂ ನೆನೆದಾಗ ಬಹಳ ಜಾರುತ್ತವೆ.

ಶರದೃತುವಿನ ಹವಾಮಾನ

ಬೆಂಗಳೂರಿನ ಸುತ್ತಮುತ್ತ ವರ್ಷದಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ನೈರುತ್ಯ ಮಾರುತ ಹಿಂದೆ ಸರಿದು ಈಶಾನ್ಯ ಮಾರುತ ಆರಂಭವಾಗುವ ಸಂಧಿಕಾಲವಿದು. ಮಳೆಯು ಗಾಳಿಯಲ್ಲಿನ ಧೂಳನ್ನು ತೊಳೆಯುವುದರಿಂದ ಮೋಡವಿಲ್ಲದ ಬೆಳಗಿನಲ್ಲಿ ದೂರದ ಬೆಟ್ಟಗಳು ಸ್ಪಷ್ಟವಾಗಿ ಕಾಣುತ್ತವೆ. ಆದರೆ ಹಗಲಿನ ಕಾವಿಗೆ ಗಾಳಿ ಮೇಲೇರಿ, ಮಧ್ಯಾಹ್ನದ ನಂತರ ಗುಡುಗುಮೋಡಗಳು ಕಟ್ಟುವುದು ಈ ಋತುವಿನ ಲಕ್ಷಣ. ಬೆಳಗಿನ ನಿರ್ಮಲ ಆಕಾಶವು ಸಂಜೆಯ ಹವೆಗೆ ಭರವಸೆಯಲ್ಲ. ನವೆಂಬರ್ ಮಧ್ಯಭಾಗದಲ್ಲಿ ಸೂರ್ಯಾಸ್ತವು ಸಂಜೆ ಆರು ಗಂಟೆಗೂ ಮೊದಲೇ ಆಗುತ್ತದೆ.

ಚಾರಣದ ಹಾದಿ

ಬೆಟ್ಟದ ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿ ದೇವಾಲಯಗಳಿವೆ. ಚಾರಣಿಗರು ಸಾಮಾನ್ಯವಾಗಿ ಹತ್ತುವುದು ಕರಿಗುಡ್ಡವನ್ನು. ಕುರುಚಲು ಗಿಡಗಳ ನಡುವೆ ಆರಂಭವಾಗುವ ಹಾದಿ ಬೇಗನೆ ಬಂಡೆಯನ್ನು ಏರಿ, ಪಾಳುಬಿದ್ದ ಕೋಟೆಗೋಡೆಗಳನ್ನು ಹಾದುಹೋಗುತ್ತದೆ. ಬಂಡೆಯ ಮೇಲೆ ಬರೆದಿರುವ ಬಾಣದ ಗುರುತುಗಳೇ ದಾರಿಸೂಚಕಗಳು. ಮೇಲ್ಭಾಗದ ತಗ್ಗುಗಳಲ್ಲಿ ಮಳೆನೀರು ನಿಂತು ದೊಣೆಗಳಾಗುತ್ತವೆ. ಶಿಖರದಲ್ಲಿ ನಂದಿಯ ಚಿಕ್ಕ ಮಂಟಪವಿದ್ದು, ಅಲ್ಲಿಂದ ಅರ್ಕಾವತಿ ನದಿಗೆ ಕಟ್ಟಿದ ಮಂಚನಬೆಲೆ ಜಲಾಶಯ ಕಾಣುತ್ತದೆ. ಸಾಧಾರಣ ನಡಿಗೆಯವರಿಗೆ ಹತ್ತಲು ಎರಡು ಗಂಟೆಯ ಆಸುಪಾಸು ಬೇಕಾಗುತ್ತದೆ.

ಸುರಕ್ಷತೆ

ಇಂತಹ ಬಂಡೆಯಲ್ಲಿ ಹತ್ತುವುದಕ್ಕಿಂತ ಇಳಿಯುವುದು ಕಠಿಣ. ಹತ್ತುವಾಗ ಕಣ್ಣು ಹೆಜ್ಜೆಯ ಹತ್ತಿರವಿರುತ್ತದೆ. ಇಳಿಯುವಾಗ ದಣಿದ ಕಾಲುಗಳ ಮೇಲೆ ದೇಹದ ಭಾರ ಮುಂದಕ್ಕೆ ವಾಲುತ್ತದೆ. ಆದ್ದರಿಂದ ಕೆಳಗಿನ ಅಂಶಗಳನ್ನು ಗಮನದಲ್ಲಿಡುವುದು ಒಳಿತು:

• ಬೆಳಗ್ಗೆ ಬೇಗನೆ ಹತ್ತಲಾರಂಭಿಸಿ, ಮಧ್ಯಾಹ್ನದ ಮೋಡ ಕಟ್ಟುವ ಮೊದಲೇ ಇಳಿದಿರಬೇಕು. ಶಿಖರ ಹತ್ತಿರವಿದ್ದರೂ ಮಳೆಯ ಸೂಚನೆ ಕಂಡೊಡನೆ ಹಿಂದಿರುಗಬೇಕು.
• ಹಿಂದಿನ ರಾತ್ರಿ ಮಳೆಯಾಗಿದ್ದರೆ ಬಂಡೆ ಒಣಗುವವರೆಗೆ ಕಾಯಬೇಕು. ಕಪ್ಪು ಗೆರೆಗಳ ಮೇಲೆ ಕಾಲಿಡಬಾರದು.
• ಮಿಂಚು ಕಂಡ ಮೇಲೆ 30 ಸೆಕೆಂಡುಗಳೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು 10 ಕಿ.ಮೀ. ಒಳಗಿದೆ ಎಂದರ್ಥ, ಶಬ್ದವು ಒಂದು ಕಿ.ಮೀ. ಚಲಿಸಲು ಸುಮಾರು ಮೂರು ಸೆಕೆಂಡು ಬೇಕು. ಕೂಡಲೇ ಶಿಖರವನ್ನು ಬಿಟ್ಟು ಇಳಿಯಬೇಕು. ಒಂಟಿ ಮರವಾಗಲಿ ಶಿಖರದ ಮಂಟಪವಾಗಲಿ ಆಗ ಆಶ್ರಯವಲ್ಲ.
• ಗುರುತು ತಪ್ಪಿದರೆ ಹೊಸ ದಾರಿ ಹುಡುಕದೆ, ಕೊನೆಯ ಬಾಣದ ಗುರುತಿಗೆ ಮರಳಬೇಕು.
• ಸಾಕಷ್ಟು ಕುಡಿಯುವ ನೀರನ್ನು ಒಯ್ಯಬೇಕು. ಒಬ್ಬರೇ ಹೋಗಬಾರದು. ತುರ್ತು ಸಂದರ್ಭದಲ್ಲಿ 112ಕ್ಕೆ ಕರೆ ಮಾಡಬಹುದು.

ತಲುಪುವ ಮಾರ್ಗ

ಬೆಂಗಳೂರಿನಿಂದ ಮಾಗಡಿ ರಸ್ತೆಯ ಮೂಲಕ ಸಾವನದುರ್ಗವನ್ನು ತಲುಪಬಹುದು. ನಗರದ ಪೂರ್ವ ಮತ್ತು ಆಗ್ನೇಯ ಅಂಚಿನ ಸರ್ಜಾಪುರ, ವೈಟ್‌ಫೀಲ್ಡ್‌ಗಳಿಂದ ಬರುವವರು ಇಡೀ ನಗರವನ್ನು ದಾಟಬೇಕಾಗುತ್ತದೆ. ಸರ್ಜಾಪುರದವರು ಹೊಸೂರು ರಸ್ತೆಯನ್ನು ಸೇರಿ, ಎಲೆಕ್ಟ್ರಾನಿಕ್ ಸಿಟಿಯ ಬಳಿ ನೈಸ್ ರಸ್ತೆಯನ್ನು ಹಿಡಿದರೆ ನಗರದೊಳಗೆ ಹೋಗದೆ ಮಾಗಡಿ ರಸ್ತೆಯನ್ನು ತಲುಪಬಹುದು. ತಡವಾಗಿ ಹೊರಟರೆ ಹತ್ತುವ ವೇಳೆಯೂ ಮಧ್ಯಾಹ್ನದ ಮೋಡಗಳ ವೇಳೆಯೂ ಒಂದೇ ಆಗುವುದರಿಂದ, ಅವರು ನಸುಕಿನಲ್ಲಿಯೇ ಹೊರಡುವುದು ಲೇಸು. ಅರಣ್ಯ ಇಲಾಖೆಯ ಅನುಮತಿ ಮತ್ತು ಮುಂಗಡ ನೋಂದಣಿಯ ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಜೀವಿಗಳು ಮತ್ತು ಸಂರಕ್ಷಣೆ

ಬೆಟ್ಟದ ಸುತ್ತಲಿನ ಅರಣ್ಯದಲ್ಲಿ ಕರಡಿ ಮತ್ತು ಚಿರತೆಗಳಿವೆ. ಮುಸ್ಸಂಜೆಯೊಳಗೆ ಇಳಿಯಬೇಕೆಂಬುದಕ್ಕೆ ಇದೂ ಒಂದು ಕಾರಣ. ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲು ಕಾಡಿನಲ್ಲಿ ಮಾತ್ರ ಕಂಡುಬರುವ ಹಳದಿ ಕೊರಳಿನ ಪಿಕಳಾರ ಹಕ್ಕಿಗೆ ಇದು ಆವಾಸ. ಈ ಹಕ್ಕಿಯನ್ನು ಅಳಿವಿನ ಅಪಾಯಕ್ಕೆ ಗುರಿಯಾಗಬಲ್ಲ ಪ್ರಭೇದವೆಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿಸಲಾಗಿದೆ. ಬಂಡೆಯ ಸಂದುಗಳಲ್ಲಿನ ತೆಳುವಾದ ಮಣ್ಣು ಕೂಡಿಬರಲು ದೀರ್ಘಕಾಲ ಬೇಕು. ಅದರ ಮೇಲಿನ ಗಿಡಗಳನ್ನು ತುಳಿಯದಿರುವುದು, ದೊಣೆಗಳ ನೀರನ್ನು ಕೆಡಿಸದಿರುವುದು ಮತ್ತು ಪ್ಲಾಸ್ಟಿಕ್ ವಸ್ತುಗಳನ್ನು ಮರಳಿ ಒಯ್ಯುವುದು ಚಾರಣಿಗರ ಹೊಣೆ.